ತಂತಿ ಹಾಕದ ಚಾನೆಲ್

ಇಂಥ ಕಥೆ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಷ್ಟು ಕಷ್ಟಪಟ್ಟು ಇಂಜಿನಿಯರಿಂಗ್ ಮುಗಿಸಿದ್ದು ದೆವ್ವದ ಮಾತು ಕೇಳುವುದಕ್ಕಲ್ಲ ಅನ್ನುವ ಜಂಬವೂ ಇತ್ತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ಬಾಗಲಕೋಟೆಯ ಒಂದು ಕೇಬಲ್ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದೆ. ಊರಿಗೆ ಡಿಜಿಟಲ್ ಕೇಬಲ್ ಹೊಸದು. ನೆಟ್‌ವರ್ಕ್ ತಂತಿಯಲ್ಲಿ ಬರುವ ವಿಡಿಯೋವನ್ನು ಟಿವಿ ಚಾನೆಲ್ ಮಾಡಿ ಮನೆಮನೆಗೆ ಕಳಿಸುವ ಯಂತ್ರ ಬಂದಿತ್ತು. ನೋಡಲು ಚಪ್ಪಟೆ ಕಬ್ಬಿಣದ ಪೆಟ್ಟಿಗೆ, ಅಷ್ಟೇ. ಸಂಜೆಯೊಳಗೆ ಅದರಿಂದ ಚಿತ್ರ ಬರದಿದ್ದರೆ ಯಂತ್ರವನ್ನೂ ನನ್ನನ್ನೂ ವಾಪಸ್ ಕಳಿಸುವುದಾಗಿ ಮಾಲೀಕರು ಹೇಳಿದ್ದರು. ಬೆಳಗಿನಿಂದ ಕೂತು ಕೂತು ಬೆನ್ನು ಸೋತಿತ್ತು.

ಮತ್ತೆ ಮೊದಲಿಂದ ನೋಡೋಣವೆಂದು ಒಳಬರುವ ತಂತಿಯನ್ನು ಕಿತ್ತೆ. ಆಗ ಟಿವಿಯಲ್ಲಿ ಚಿತ್ರ ಬಂತು.

ನಮ್ಮ ಇಳಕಲ್ಲಿನ ಮನೆಯ ಮಗ್ಗ. ನನ್ನ ಓದಿಗಾಗಿ ಅಪ್ಪ ಎಂದೋ ಮಾರಿದ್ದ ಮಗ್ಗ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಮಗ್ಗ ಕೊಂಡವರು ಅವಸರ ಮಾಡಿದ್ದರಿಂದ ಕೊನೆಯ ಸೀರೆಯನ್ನು ಅಪ್ಪ ಸೆರಗಿಲ್ಲದೆಯೇ ಕೊಯ್ದು ಇಳಿಸಿದ್ದ. ಟ್ರಂಕಿನಲ್ಲಿಟ್ಟು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಟಿವಿಯಲ್ಲಿ ಎರಡು ಕೈಗಳು, ಎಳೆ ಜಾರದಂತೆ ಬೂದಿ ಮುಟ್ಟಿ, ಎಳೆಗೆ ಎಳೆ ಹೊಸೆಯುತ್ತಿದ್ದವು. ಆ ಸೊಟ್ಟ ಕಿರುಬೆರಳು ಅಪ್ಪನದೇ.

ಮಾಲೀಕರು ಬಂದು ಹಿಂದೆ ನಿಂತರು. "ಏನ್ರಿ ಇಂಜಿನೇರ್ ಬಾಯಾರ, ನನ್ನ ಮಶಿನ್‌ದಾಗ ಸೀರಿ ನೇಯಾಕ ಹತ್ತೀರೇನು?"

"ತಂತಿ ಹಾಕೇ ಇಲ್ರಿ."

ನನ್ನ ಕೈಯಲ್ಲಿದ್ದ ತಂತಿ ನೋಡಿ ಅವರ ನಗು ನಿಂತಿತು. "ಮದ್ಲ ಬಂದ್ ಮಾಡವಾ ಅದನ್ನ!"

"ಇನ್ನ ಒಂದೀಟು ಎಳಿ ಉಳದಾವ್ರಿ. ತಡೀರಿ."

"ಕೆಲಸ ಬೇಕೋ ಬ್ಯಾಡೋ ನಿನಗ?"

ಸ್ವಿಚ್ಚಿಗೆ ಅಡ್ಡ ನಿಂತೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಕೊನೆಯ ಎಳೆ ಕೂಡಿತು, ಲಾಳಿ ಒಮ್ಮೆ ಆಚೆಯಿಂದ ಈಚೆಗೆ ಹಾಯಿತು, ಪರದೆ ಕಪ್ಪಾಯಿತು. ತಂತಿ ಹಾಕಿದೆ. ಚಾನೆಲ್ಲುಗಳೆಲ್ಲ ಸರಿಯಾಗಿ ಬಂದವು. ಕೆಲಸ ಉಳಿಯಿತು. ಮಾಲೀಕರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ರವಿವಾರ ಇಳಕಲ್ಲಿಗೆ ಹೋದೆ. ನಾನಿನ್ನೂ ಏನೂ ಹೇಳಿರಲಿಲ್ಲ. ಅಪ್ಪ ತಾನೇ ಟ್ರಂಕಿನಿಂದ ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟ.

"ಉಟ್ಕೋ ಮಗಳ. ಸೆರಗು ಕೂಡೇತಿ."

ಬಿಚ್ಚಿ ನೋಡಿದೆ. ತುದಿಯಲ್ಲಿ ಕೊಯ್ದ ಎಳೆಗಳು ಹಾಗೇ ಜೋತಾಡುತ್ತಿದ್ದವು.

"ಎಲ್ಲೈತ್ಯೋ ಯಪ್ಪಾ?"

ದಿನವೆಲ್ಲ ಎಳೆ ಹೊಸೆದವನಂತೆ ಅಪ್ಪ ಬೆರಳು ಬಿಡಿಸಿ ಮಡಚಿದ. "ಭಾಳ ದಣದೇನಿ, ಮಲಗ್ತೇನಿ," ಎಂದು ಗೋಡೆಗೆ ಮುಖ ಮಾಡಿದ.

ಆ ಯಂತ್ರವನ್ನು ಆಮೇಲೆ ಎಷ್ಟೋ ಸಲ ಬಿಚ್ಚಿ ಜೋಡಿಸಿದೆ. ಅದರ ಒಳಗಿನದೆಲ್ಲ ಗೊತ್ತಾಯಿತು, ಅದೊಂದು ಬಿಟ್ಟು. ಅಪ್ಪ ಈಗಿಲ್ಲ. ಸೀರೆ ನನ್ನ ಕಪಾಟಿನಲ್ಲಿದೆ. ಆಗಾಗ ತೆಗೆದು ಉಡಲು ಹೋಗುತ್ತೇನೆ. ಕೈ ಸೆರಗಿರಬೇಕಾದ ಜಾಗದ ತನಕ ಬಂದು ನಿಲ್ಲುತ್ತದೆ.