ಎತೆಲ್ವಿನಾಳ ಮೀನು ಕರಟಿದ ಸಂಜೆ

ಲಿಸ್ಬನ್ನಿನ ಹಳೆಯ ಕೇರಿ ಅಲ್ಫಾಮದ ಮೆಟ್ಟಿಲೋಣಿಯಲ್ಲಿ ಎತೆಲ್ವಿನಾಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಸಂತ ಅಂತೋಣಿ. ಅವನು ಅವಳ ಬಾಗಿಲ ಪಕ್ಕದ ಗೂಡಿನಲ್ಲಿ ಮಣ್ಣಿನ ಗೊಂಬೆಯಾಗಿ ನಿಂತವನು, ಹೆದರಿದರೂ ಓಡುವುದೆಲ್ಲಿಗೆ? ಇನ್ನೊಬ್ಬ ಅಮದೇವು. ಹರೆಯದಿಂದಲೂ ಊರಿನ ಏರುದಾರಿಗಳಲ್ಲಿ ಟ್ರಾಮ್ ಓಡಿಸಿ, ಅದರ ಗಂಟೆಯ ಸದ್ದಿಗೆ ಕಿವಿ ಪಳಗಿಸಿಕೊಂಡು ನಿವೃತ್ತನಾದವನು.

ಎತೆಲ್ವಿನಾಳದು ಮೀನು ಮಾರಿ ಬೆಳೆದ ಗಂಟಲು. ಲಂಗ ತೊಡುವ ವಯಸ್ಸಿಗೇ ತಲೆಯ ಮೇಲೆ ಬುಟ್ಟಿ ಏರಿತ್ತು. ನದಿಯ ದಡದಲ್ಲಿ ನಿಂತು ಅವಳು ಒಮ್ಮೆ ಕೂಗಿದರೆ ಗುಡ್ಡದ ನೆತ್ತಿಯ ಮನೆಯ ಕಿಟಕಿ ತೆರೆಯುತ್ತಿತ್ತು. ಹೆಂಗಸರು ಮೀನಿಗಾಗಿ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ಗಂಡ ಜೆಫೆರೀನೊ ತೀರಿಕೊಂಡ ಮೇಲೂ ಅವಳ ತಲೆಯ ಬುಟ್ಟಿ ಇಳಿಯಲಿಲ್ಲ. ಕೊನೆಗೆ ಮಂಡಿಗಳೇ ಕೈಕೊಟ್ಟವು. ಆಮೇಲೆ ಆ ಗಂಟಲು ಬೈಯುವುದಕ್ಕೆ ಮಾತ್ರ ಉಳಿಯಿತು. ಅಲ್ಲಿ ಬೇಸಿಗೆ ಕಾಲಿಡುವ ಜೂನ್ ತಿಂಗಳಲ್ಲಿ ಸಂತನ ಹಬ್ಬ ಬಂದಾಗ ಬಾಗಿಲ ಮುಂದೆ ಇದ್ದಿಲ ಒಲೆ ಹೂಡಿ ಬೂತಾಯಿ ಸುಡುತ್ತಿದ್ದಳು. ಅವಳ ಕೈಯಲ್ಲಿ ಒಂದು ಮೀನೂ ಎಂದೂ ಕರಟಿದ್ದಿಲ್ಲ. ಊರು ನೋಡಲು ಬಂದವರು ಗುಡ್ಡದ ಮೇಲಿನ ಕೋಟೆ ಮರೆತು ಅವಳ ಹೊಗೆಯ ಜಾಡು ಹಿಡಿದು ಬರುತ್ತಿದ್ದರು.

ಹೋದ ವರ್ಷದ ಹಬ್ಬಕ್ಕೆ ಅಮದೇವು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದ. ಕೈಯಲ್ಲಿ ಕಾಮಕಸ್ತೂರಿಯ ಕುಂಡ. ಆ ಹಬ್ಬದಲ್ಲಿ ಮನಸ್ಸು ಕೊಟ್ಟವರು ಕೊಡುವುದು ಅದನ್ನೇ: ಚೆಂಡಿನಂತೆ ದುಂಡಗಿನ ಗಿಡ, ಅದಕ್ಕೊಂದು ಕಾಗದದ ಹೂವು, ಕಡ್ಡಿಗೆ ಅಂಟಿಸಿದ ಚೀಟಿಯಲ್ಲೊಂದು ಪದ್ಯ. ಎತೆಲ್ವಿನಾ ಎಲ್ಲರಿಗೂ ಕೇಳುವಂತೆ ಓದಿದಳು:

ಮುಟ್ಟಿದರೆ ಪರಿಮಳ ಬಿಡುವ ಗಿಡವೇ,
ಕೇಳಿ ಬಾ ನನ್ನ ಮನದವಳ:
ಒಂಟಿ ತಟ್ಟೆಯ ಊಟದ ಮೇಜಿಗೆ
ಇನ್ನೊಂದು ತಟ್ಟೆ ಬರಬಹುದಾ?

ಓದಿ ಮುಗಿಸಿ ಓಣಿ ನಡುಗುವಂತೆ ನಕ್ಕಳು. "ಹಲ್ಲು ಬಿದ್ದ ಮೇಲೆ ಮದುವೆಯಾ ಮಾರಾಯ? ಆಗ್ಲಿ! ಈ ಗಿಡ ಬರೋ ವರ್ಷದ ಹಬ್ಬಕ್ಕೆ ಜೀವ ಹಿಡ್ಕೊಂಡಿದ್ರೆ ಆಗ್ತೀನಿ. ಹೋಗು!"

ಎಲ್ಲರೂ ನಕ್ಕರು. ಆ ಗಿಡ ಬೇಸಿಗೆ ದಾಟುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ಅಮದೇವು ಮಾತ್ರ ಟೋಪಿ ತೆಗೆದು ಗೂಡಿನ ಕಡೆ ತಿರುಗಿ, "ಕೇಳಿಸ್ಕೊಂಡೆ ಅಲ್ವಾ ಅಂತೋಣಿ? ನೀನೇ ಸಾಕ್ಷಿ," ಎಂದು ಮೆಟ್ಟಿಲಿಳಿದು ಹೋದ.

ಬೇಸಿಗೆ ಮುಗಿಯುವ ಹೊತ್ತಿಗೆ ಓಣಿಯ ಕುಂಡಗಳೆಲ್ಲ ಒಣಗಿದವು. ಎತೆಲ್ವಿನಾಳದೂ ಹಳದಿಯಾಯಿತು. ಎಸೆಯಲೆಂದು ಎತ್ತಿದವಳು ಒಣಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗೆ ಹಸಿರಿತ್ತು. ಅಲ್ಲಿಗೆ ಕಥೆ ಕೆಟ್ಟಿತು. ಚಳಿಗಾಲದಲ್ಲಿ ಕುಂಡ ಅಡುಗೆಮನೆಗೆ ಬಂತು, ಸಾರು ಕುದಿಯುವ ಒಲೆಯ ಬಳಿ ಜಾಗ ಹಿಡಿಯಿತು.

ಎದುರು ಮನೆಯ ಗ್ರಸಿಂದಾ ಕೇಳಿದಳು: "ಇದೇನೇ ಇದು?"

"ಇದು ಸತ್ತ ಮೇಲೆ ಅವನ ಮುಖಕ್ಕೇ ಹಿಡೀಬೇಕು ಅಂತ ಇಟ್ಕೊಂಡಿದೀನಿ."

"ಸಾಯ್ಲಿ ಅನ್ನೋ ಗಿಡಕ್ಕೆ ಶಾಲು ಯಾಕೆ ಹೊದಿಸಿದೀಯ ಮಾರಾಯ್ತಿ?"

ಎತೆಲ್ವಿನಾ ಬಾಗಿಲು ಹಾಕಿಕೊಂಡಳು. 

ಹಬ್ಬ ಬಂತು. ಬಣ್ಣದ ಕಾಗದದ ಮಾಲೆಗಳು ಗೋಡೆಯಿಂದ ಗೋಡೆಗೆ ಹಾರಿದವು. ಸಂಜೆಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು, ಓಣಿ ತುಂಬ ಜನ. ಕಿಟಕಿಯಲ್ಲಿ ಅದೇ ಕುಂಡ: ಸೊಟ್ಟ ಕಾಂಡ, ತುದಿಯಲ್ಲಿ ಒಂದು ಹಿಡಿ ಹೊಸ ಎಲೆ. ಅಮದೇವು ಇನ್ನೂ ಬಂದಿರಲಿಲ್ಲ. ಎತೆಲ್ವಿನಾ ಮೀನು ಮಗುಚುತ್ತಲೇ ಮೆಟ್ಟಿಲ ಕಡೆಗೊಂದು ಕಣ್ಣು, ಕಿಟಕಿಯ ಕಡೆಗೊಂದು ಕಣ್ಣು ಇಟ್ಟಿದ್ದಳು.

ಆಗಲೇ ಊರು ನೋಡಲು ಬಂದ ಹುಡುಗಿಯೊಬ್ಬಳು ಕಿಟಕಿಯ ಬಳಿ ನಿಂತಳು. ಬಗ್ಗಿದಳು. ಗಿಡದೊಳಗೆ ನೇರ ಮೂಗು ಇಟ್ಟು ಉಸಿರೆಳೆದಳು!

ಓಣಿಯವರೆಲ್ಲ ತಿರುಗಿ ನೋಡಿದರು. ಕಾಮಕಸ್ತೂರಿಯನ್ನು ಅಂಗೈಯಿಂದ ಸವರಿ ಅಂಗೈ ಮೂಸಬೇಕು. ಮೂಗು ತಾಗಿದರೆ ಗಿಡ ಬಾಡುತ್ತದೆ. ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು ಆ ಪಾಪದವಳಿಗೆ ಹೇಗೆ ಗೊತ್ತಿರಬೇಕು?

"ಮೂಗು ತೆಗಿಯೇ! ಮೂಗು!" ಎತೆಲ್ವಿನಾ ಇಕ್ಕಳ ಎಸೆದು ಓಡಿದಳು. ಮಂಡಿನೋವು ಎಲ್ಲಿ ಹೋಯಿತೋ. ಕುಂಡವನ್ನು ಎದೆಗವಚಿಕೊಂಡು ಒಂದೊಂದೇ ಎಲೆ ನೋಡತೊಡಗಿದಳು. ಹುಡುಗಿ ಹೆದರಿ ಗೋಡೆಗಂಟಿಕೊಂಡಳು.

ಗ್ರಸಿಂದಾ ಗಾಳಿ ಮೂಸಿದಳು. "ಏನೋ ಕರಟಿದ ವಾಸನೆ. ಅಯ್ಯೋ, ಎತೆಲ್ವಿನಾಳ ಒಲೆ! ಎತೆಲ್ವಿನಾ ಮೀನು ಸುಟ್ಟು ಕರಿ ಮಾಡಿದ್ಲು ಕಣ್ರೋ!"

ನಗು ಏಳುವಷ್ಟರಲ್ಲಿ ಮೆಟ್ಟಿಲ ತಿರುವಿನಲ್ಲಿ ಅಮದೇವು ಕಂಡ. ಹಬ್ಬದ ಪದ್ಧತಿಯಂತೆ ಕೈಯಲ್ಲಿ ಹೊಸ ಕುಂಡ. ಅವನು ಕರಿ ಮೀನು ನೋಡಿದ, ಅವಳ ಎದೆಯ ಮೇಲಿನ ಸೊಟ್ಟ ಗಿಡ ನೋಡಿದ.

"ಲೆಕ್ಕಕ್ಕಿಲ್ಲ ಅಮದೇವು!" ಗ್ರಸಿಂದಾ ಕೂಗಿದಳು. "ಮೂಗು ತಾಗಿದೆ. ನಾಳೆ ಬೆಳಿಗ್ಗೆಗೆ ಬಾಡುತ್ತೆ."

"ಹಾಗಾದ್ರೆ ಬೆಳಿಗ್ಗೆವರೆಗೂ ಇಲ್ಲೇ ಕೂತು ಕಾಯ್ತೀನಿ," ಎಂದ ಅವನು. "ಟ್ರಾಮ್ ಹಳಿ ಬಿಟ್ಟು ಬೇರೆ ಕಡೆ ಹೋಗಲ್ಲ."

ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಎತೆಲ್ವಿನಾಳಿಗೆ ಬೇಕಿರಲಿಲ್ಲ. ಬಾಡಿತು ಎಂದರೆ ಮುಗಿಯಿತು. ಆದರೆ ಅವಳು ಗೂಡಿನ ಸಂತನನ್ನು ನೋಡಿದಳು. ಕುಂಡವನ್ನು ತಲೆಯ ಮೇಲೆ ಇಟ್ಟುಕೊಂಡಳು, ಹಿಂದೆ ಬುಟ್ಟಿ ಇಡುತ್ತಿದ್ದಂತೆಯೇ. ಒಂದು ಕೈ ಸೊಂಟಕ್ಕೆ ಹೋಯಿತು. ಎಷ್ಟೋ ವರ್ಷಗಳಿಂದ ಸುಮ್ಮನಿದ್ದ ಆ ಕೂಗು ಹೊರಬಿತ್ತು:

"ಕೇಳ್ರೋ, ಕೇಳ್ರೇ, ಮೇಲಿನ ಮನೆಯೋರೇ! ಬುಟ್ಟಿ ಇಳಿಸ್ರೇ! ಎತೆಲ್ವಿನಾ ಮದುವೆ ಆಗ್ತಾಳ್ರೇ!"

ಗುಡ್ಡದ ನೆತ್ತಿಯವರೆಗೂ ಕಿಟಕಿಗಳು ಪಟಪಟನೆ ತೆರೆದವು. ಹಗ್ಗದ ಬುಟ್ಟಿಗಳು ಒಂದರ ಹಿಂದೊಂದು ಇಳಿದವು: ದ್ರಾಕ್ಷಾರಸದ ಸೀಸೆ, ಬಿಸಿ ರೊಟ್ಟಿ, ಯಾರೋ ತಮ್ಮ ಮದುವೆಯ ಮೇಜುಬಟ್ಟೆಯನ್ನೇ ಇಳಿಸಿದರು. ಗ್ರಸಿಂದಾ ಅಳುತ್ತಾ, "ನಾನು ಮೊದಲೇ ಹೇಳಿರ್ಲಿಲ್ವಾ?" ಎಂದು ಎಲ್ಲರಿಗೂ ಸಾರಿದಳು. ಕುಂಡ ಕೆಳಗಿಳಿಸಿ, ಗೋಡೆಗಂಟಿದ್ದ ಹುಡುಗಿಯ ಅಂಗೈ ಹಿಡಿದು ಎತೆಲ್ವಿನಾ ಗಿಡದ ಮೇಲೆ ಸವರಿಸಿ ತೋರಿಸಿದಳು: "ಹೀಗೆ ಮಗಳೇ. ಈಗ ಮೂಸು."

ಕೊನೆಗೆ ಒಲೆಯ ಬಳಿ ಬಂದು ಕರಟಿದ ಮೀನುಗಳನ್ನು ರೊಟ್ಟಿಯ ಮೇಲೆ ಹಾಕಿದಳು.

"ಆ ಇದ್ದಿಲು ಯಾರಿಗೆ?" ಯಾರೋ ಕೇಳಿದರು.

"ಯಾರಿಗೆ ಅಂದ್ರೆ? ನಮ್ಮ ಯಜಮಾನ್ರಿಗೆ!"

ಅಮದೇವು ಮೆಟ್ಟಿಲ ಮೇಲೆ ಕೂತು ತಲೆ ಬಾಲ ಬಿಡದೆ ತಿಂದ. ಆಮೇಲೆ ಬೆರಳು ನೆಕ್ಕಿ, ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದ.