ಊರಿನ ಚರಿತ್ರೆಗೆ ಚಿಕ್ಕತಾಯಮ್ಮ ಬಂದಳು

ಒಂದು ಊರಿನ ಮುನ್ನೂರು ವರ್ಷದ ಚರಿತ್ರೆಯಲ್ಲಿ ಹೆಸರಿರುವ ಹೆಂಗಸರು ಎಷ್ಟು ಜನ ಇರಬಹುದು? ನಾನು ಎಣಿಸಿದೆ. ಒಬ್ಬಳೇ. ಅವಳೂ ಗುಡಿಯೊಳಗಿನ ಮಾರಮ್ಮ!

ನಡೆದದ್ದಿಷ್ಟು. ನನ್ನ ದೊಡ್ಡಪ್ಪನ ಮಗ ನಂಜುಂಡಣ್ಣ ರಿಟೈರ್ಡ್ ಹೆಡ್‌ಮಾಸ್ಟರ್. ಮಿರ್ಲೆ ಪಕ್ಕದ ನಮ್ಮೂರಿನ ಚರಿತ್ರೆಯನ್ನು ಎರಡು ವರ್ಷ ಓಡಾಡಿ ಬರೆದಿದ್ದಾನೆ. ಎರಡು ತಿಂಗಳ ಹಿಂದೆ ಕೆ.ಆರ್. ನಗರದ ನಮ್ಮ ಮನೆಗೆ ಬಂದು ಪ್ರೂಫ್ ಕೊಟ್ಟ. "ಕಾಗುಣಿತ ಮಾತ್ರ ನೋಡವ್ವ, ವಿಷಯ ಎಲ್ಲಾ ಪಕ್ಕಾ." (ಕನ್ನಡ ಟೀಚರ್ ಆಗಿದ್ದವಳಿಗೆ ನೆಂಟರು ಹಣ್ಣು ತರುವುದಿಲ್ಲ, ಪ್ರೂಫ್ ತರುತ್ತಾರೆ.)

ಓದಿದೆ. ಚೆನ್ನಾಗಿಯೇ ಇತ್ತು. ಪಟೇಲರಿದ್ದರು, ಶಾನುಭೋಗರಿದ್ದರು, ಊರಿಗೆ ಮೊದಲ ಸೈಕಲ್ ತಂದ ಮಹಾನುಭಾವನಿದ್ದ. ಗಾಡಿ ಓಟದಲ್ಲಿ ಗೆದ್ದ ಎತ್ತಿಗೂ ಹೆಸರಿತ್ತು! ಕೆರೆ ಏರಿಯ ಮಾಸ್ತಿಕಲ್ಲಿಗೆ ಎರಡು ಪುಟ. ಗಂಡನ ಚಿತೆಯೇರಿದ ಹೆಣ್ಣಿಗಾಗಿ ನಿಲ್ಲಿಸಿದ ಕಲ್ಲದು. ಅದರಲ್ಲೂ ಗಂಡನ ಹೆಸರಿದೆ, ಅವಳದಿಲ್ಲ. ಸತ್ತವಳಿಗೇ ಹೀಗಾದರೆ, ಬದುಕಿ ಬಾಳಿದವರ ಪಾಡೇನು?

ಹೆಣ್ಣಿನ ಬಗ್ಗೆ ಬರೆದದ್ದಕ್ಕೇನು ಬರವೇ? ಅವಳು ಹೇಗಿರಬೇಕೆಂದು ಹಳೆಯ ಶಾಸ್ತ್ರಗಳು ಹೇಳಿಯೇ ಹೇಳಿದವು. ತಾನು ಹೇಗಿದ್ದೆ ಎಂದು ಈಗ ಅವಳೇ ಆತ್ಮಕಥೆ ಬರೆಯುತ್ತಿದ್ದಾಳೆ. ನನ್ನ ಕಪಾಟಿನಲ್ಲೇ ಎರಡು ಸಾಲು ಪುಸ್ತಕಗಳಿವೆ. ಆದರೆ ಊರಿನ ಚರಿತ್ರೆ ಎಂದಕೂಡಲೇ ಅವಳನ್ನು ಅಡುಗೆಮನೆಗೆ ಕಳಿಸಿಬಿಡುತ್ತೇವೆ.

ಫೋನ್ ಮಾಡಿದೆ. "ಅಣ್ಣ, ನಮ್ಮೂರಲ್ಲಿ ಹೆಂಗಸರೇ ಇರ್ಲಿಲ್ವಾ?"

"ಇದ್ರು ಕಣವ್ವ. ದಾಖಲೆ ಎಲ್ಲದೆ? ಭಾನುವಾರದೊಳ್ಗೆ ಏನಾದ್ರೂ ತತ್ತಾ, ಹಾಕ್ತೀನಿ. ಸೋಮವಾರ ಪ್ರೆಸ್‌ಗೆ ಹೋಗ್ಬೇಕು."

ಭಾನುವಾರ ಮೊದಲ ಬಸ್ಸಿಗೇ ಊರಿಗೆ ಹೋದೆ. ನಂಜುಂಡಣ್ಣನ ಹೆಂಡತಿ ಜಯಮ್ಮತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ವಿಷಯ ಕೇಳಿದ್ದೇ ತಡ, ಬೀದಿಗೆ ಇಳಿದು ಎರಡು ಕೂಗು ಹಾಕಿದರು. ಅರ್ಧ ಗಂಟೆಯಲ್ಲಿ ಜಗಲಿ ತುಂಬ ಹೆಂಗಸರು.

ಮೊದಲು ಬಾಯಿಬಿಟ್ಟವರು ಎಂಬತ್ತು ದಾಟಿದ ಸಾಕಮ್ಮ. ಅವರ ತಾಯಿ ಸೂಲಗಿತ್ತಿ. "ಈ ಬೀದೀಲಿ ತಲೆ ನರೆತೋರೆಲ್ಲಾ ನಮ್ಮವ್ವನ ಕೈಮೇಲೇ ಬಿದ್ದೋರು. ಅಗೋ, ನಿಮ್ ಮೇಷ್ಟ್ರು ಕಾಲು ಮುಂದಾಗಿ ಬಂದ್ರು. ನಮ್ಮವ್ವ ಇಲ್ದಿದ್ರೆ ಚರಿತ್ರೆ ಬರಿಯೋರ್ಯಾರು?"

ಜಗಲಿ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ನಂಜುಂಡಣ್ಣ ಮೇಷ್ಟ್ರು ಮಾತ್ರ ನಗಲಿಲ್ಲ.

ಒಮ್ಮೆ ನಾಲೆ ಏರಿ ಒಡೆದಾಗ ಗಂಡಸರೆಲ್ಲ ದನದ ಸಂತೆಗೆ ಹೋಗಿದ್ದರಂತೆ. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡೇ ಮಣ್ಣು ಹೊತ್ತು ಏರಿ ಕಟ್ಟಿ ಊರಿನ ಭತ್ತ ಉಳಿಸಿದವರು ಹೆಂಗಸರು. ಪ್ರೂಫ್ ತಿರುವಿದೆ. 'ಗ್ರಾಮಸ್ಥರು ಏರಿಯನ್ನು ಕಟ್ಟಿದರು' ಎಂದಿತ್ತು. ಗ್ರಾಮಸ್ಥರು!

"ಇದೆಲ್ಲಾ ಬಾಯಿಮಾತು," ಎಂದ ನಂಜುಂಡಣ್ಣ.

ಅತ್ತಿಗೆ ತಲೆಯೆತ್ತಿದರು. "ಪಟೇಲ್ರ ಕತೆ ನಿಮ್ಗೆ ಯಾರು ಯೋಳಿದ್ದು?"

"ಸಿದ್ದೇಗೌಡ್ರು."

"ಅವ್ರೇನು ಸ್ಟಾಂಪ್ ಪೇಪರ್ ಮ್ಯಾಲೆ ಬರ್ಕೊಟ್ರಾ?"

ಅತ್ತಿಗೆ ಬಿಡಲಿಲ್ಲ. "ಓಗ್ಲಿ ಬುಡಿ. ನಿಮ್ಮಜ್ಜಿ ಎಸ್ರೇನು?"

"ದೊಡ್ಡವ್ವ."

"ಅದು ಕರಿಯೋ ಎಸ್ರು. ಅವ್ವ ಅಪ್ಪ ಇಟ್ಟ ಎಸ್ರು?"

ನಂಜುಂಡಣ್ಣ ನನ್ನ ಮುಖ ನೋಡಿದ. ನಾನು ಅವರೆಕಾಯಿ ನೋಡಿದೆ. ಅವನ ಅಜ್ಜಿ ನನಗೂ ಅಜ್ಜಿಯೇ! ಅವಳ ಮಡಿಲಲ್ಲಿ ಮಲಗಿ ಬೆಳೆದವಳು ನಾನು. ಈ ಅಂಕಣದಲ್ಲಿ ಹೆಣ್ಣಿನ ಸ್ಥಾನಮಾನದ ಬಗ್ಗೆ ನಿಮಗೆ ವಾರವಾರ ಉಪದೇಶ ಮಾಡುವವಳು. ಗೊತ್ತಿರಲಿಲ್ಲ.

"ಚಿಕ್ಕತಾಯಮ್ಮ," ಎಂದರು ಅತ್ತಿಗೆ ಮೆಲ್ಲಗೆ. "ನಾನು ಮದ್ವೆಯಾಗಿ ಬಂದ ಒಸ್ದ್ರಲ್ಲಿ ತಲೆಗೆ ಎಣ್ಣೆ ಅಚ್ತಾ ಕೇಳ್ದೆ. ನಕ್ಬುಟ್ರು. 'ಈ ಮನೆಗೆ ಬಂದ್ಮೇಕೆ ನನ್ನೆಸ್ರು ಕೇಳ್ದೋಳು ನೀನೊಬ್ಳೇ ಕಣ್ ಮಗ' ಅಂದ್ರು."

ನಂಜುಂಡಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ.

"ಸಾಕವ್ವ, ನಿಮ್ಮವ್ವನ ಹೆಸರೇನು?"

"ಪುಟ್ಟಮಾದಮ್ಮ."

ಬರೆದುಕೊಂಡ. ಸಂಜೆವರೆಗೂ ಬರೆದ. ಕಾಫಿ ಬಂತು, ಅವರೆಕಾಳು ಉಪ್ಪಿಟ್ಟು ಬಂತು. ಒಬ್ಬಳು ನೆನಪಿಸಿದ್ದನ್ನು ಇನ್ನೊಬ್ಬಳು ತಿದ್ದುತ್ತಿದ್ದಳು, ನಡುನಡುವೆ ಜಗಳ, ನಗು. ಅಣ್ಣನನ್ನು ಅಷ್ಟು ಖುಷಿಯಾಗಿ ನಾನು ಕಂಡೇ ಇರಲಿಲ್ಲ. ಪ್ರೆಸ್ಸಿಗೆ ಅವನೇ ಫೋನ್ ಮಾಡಿದ: "ಹದಿನೈದು ದಿನ ತಡೀರಿ ಸಾರ್, ಅರ್ಧ ಊರು ಬಿಟ್ಟೋಗಿತ್ತು!"

ಕಳೆದ ಭಾನುವಾರ ಶಾಲೆಯ ಅಂಗಳದಲ್ಲಿ ಪುಸ್ತಕ ಬಿಡುಗಡೆ. ನಂಜುಂಡಣ್ಣ ಮೈಕ್ ಹಿಡಿದು ಹೊಸ ಅಧ್ಯಾಯದ ಹೆಸರುಗಳನ್ನು ಒಂದೊಂದಾಗಿ ಓದಿದ. ಪ್ರತಿ ಹೆಸರಿಗೂ ಯಾವುದೋ ಮೂಲೆಯಿಂದ ಚಪ್ಪಾಳೆ. ಚಿಕ್ಕತಾಯಮ್ಮ ಎಂದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ. (ತಪ್ಪೊಪ್ಪಿಗೆ ಎನ್ನಿ.)

ಸಾಕಮ್ಮನಿಗೆ ಓದು ಬಾರದು. ಅವರ ಬೆರಳು ಹಿಡಿದು 'ಪುಟ್ಟಮಾದಮ್ಮ'ನ ಮೇಲಿಟ್ಟೆ. ಬಹಳ ಹೊತ್ತು ಅಕ್ಷರಗಳನ್ನು ಸವರಿದರು. ಆಮೇಲೆ ಬೊಚ್ಚುಬಾಯಿ ತುಂಬ ನಕ್ಕು ನಂಜುಂಡಣ್ಣನಿಗೆ ಹೇಳಿದರು:

"ನಮ್ ಕತೆ ನಾವಿದ್ದಾಗ್ಲೇ ಬರೀರಿ ಮೇಷ್ಟ್ರೇ. ಸತ್ಮೇಕೆ ಬರುದ್ರೆ, ತಪ್ಪಿದ್ರೆ ತಿದ್ದೋರ್ಯಾರು?"