ಒಂದು ಪೊಟ್ಟಣಕ್ಕೆ ಎಷ್ಟು ನೀರು?

ನಾದಿನಿಯನ್ನು ಯಾರಾದರೂ ಉಪ್ಪಿನಕಾಯಿ ಹಾಕಲು ಹೊರಟಿದ್ದನ್ನು ನೋಡಿದ್ದೀರಾ? ಮೊನ್ನೆ ಭಾನುವಾರ ನಾನು ನೋಡಿದೆ.

ಮುಂಡಗೋಡದಿಂದ ಬಂದಿದ್ದ ನಾದಿನಿ, ನನ್ನ ಗಂಡನ ಅಕ್ಕ ಶಾಂತಕ್ಕನನ್ನು ಹಿಂದಿನ ದಿನ ಹೊಳೆದಂಡೆಯ ಮೌಳಂಗಿಗೆ ಕರೆದೊಯ್ದಿದ್ದೆವು. ಹೊಳೆ ನೋಡಿದಳು, ಮಿರ್ಚಿ ಭಜಿ ತಿಂದಳು. (ಹೊಳೆಗಿಂತ ಮಿರ್ಚಿಯನ್ನೇ ಹೆಚ್ಚು ಹೊತ್ತು ನೋಡಿದಳು.) ಬೆಳಗಾಗುವಷ್ಟರಲ್ಲಿ ಭೇದಿ ಶುರು. ಮಧ್ಯಾಹ್ನಕ್ಕೆ ಎದ್ದು ನಿಂತರೆ ಗೋಡೆ ಹಿಡಿಯುವಷ್ಟು ಸುಸ್ತು. ನನಗೆ ನಿಜಕ್ಕೂ ಭಯವಾಯಿತು.

ಡಾಕ್ಟರು ಮಾತ್ರೆಯ ಜೊತೆ ಓಆರ್‌ಎಸ್ ಪೊಟ್ಟಣಗಳನ್ನು ಕೊಟ್ಟರು. ಅಂಬೇವಾಡಿಯ ನಮ್ಮ ಮನೆಗೆ ಬಂದದ್ದೇ ತಡ, ನನ್ನ ಗಂಡ ಅಡುಗೆಮನೆಗೆ ನುಗ್ಗಿದ. ಸಫಾರಿ ಜೀಪ್ ಓಡಿಸುವವ; ಎಲ್ಲದಕ್ಕೂ ಸ್ಪೀಡ್ ಬೇಕು. ಇಡೀ ಪೊಟ್ಟಣವನ್ನು ಒಂದೇ ಗ್ಲಾಸ್ ನೀರಿಗೆ ಸುರಿದ.

"ಸ್ಟ್ರಾಂಗ್ ಇದ್ರ ಲಗೂನ ಆರಾಮ ಆಕ್ಕತಿ!"

ಶಾಂತಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅಲ್ಲೇ ಉಗುಳಿದಳು. "ಏನೋ, ಸಮುದ್ರಾ ಕಲಸಿ ತಂದಿಯೇನು?"

ನಾನು ಪಕ್ಕದ ಮನೆಗೆ ಓಡಿದೆ. ಅಲ್ಲಿರುವ ಫಿಲೋಮಿನಾ ನರ್ಸ್. ಹಳಿಯಾಳ ಕಡೆಯ ಸಿದ್ದಿ ಮನೆತನದವಳು. ಬಂದವಳೇ ಗ್ಲಾಸ್ ಕಸಿದು ಚೆಲ್ಲಿದಳು.

"ಇಷ್ಟ ಗಟ್ಟಿ ಕುಡಿಸಿದ್ರ ಅದು ಮೈಯಾಗಿನ ನೀರನ್ನ ಹೊಟ್ಟಿಗೆ ಎಳೀತೈತ್ರಿ. ಭೇದಿ ಇನ್ನೂ ಜಾಸ್ತಿ ಆಕ್ಕತಿ. ಈ ಪೊಟ್ಟಣಕ್ಕ ಒಂದ ಲೀಟರ್ ನೀರು!"

ಗಂಡ ಪೆಚ್ಚಾದ. ಪ್ರಾಯಶ್ಚಿತ್ತಕ್ಕೆಂದು ಎರಡನೆಯ ಪೊಟ್ಟಣವನ್ನು ಕೊಡದ ತುಂಬ ಇದ್ದ ನೀರಿಗೇ ಹಾಕಿಬಿಟ್ಟ!

ಫಿಲೋಮಿನಾ ಹಣೆ ಚಚ್ಚಿಕೊಂಡಳು. "ಈಗ ಬರೇ ನೀರಾತಲ್ರೀ! ಜೀಪಿಗೆ ಕೂಲಂಟ್ ಹಾಕೂವಾಗೂ ಹಿಂಗ ಸುರೀತೀರೇನು?"

"ಛೇ! ಅದನ್ನ ಅಳದ ಹಾಕ್ಬೇಕು. ಇಂಜಿನ್ ಹಾಳಾಕ್ಕತಿ!"

"ಅಕ್ಕಗ ಇಂಜಿನ್ ಇಲ್ಲೇನ್ರಿ?"

ಮೂವರೂ ಬಿದ್ದು ಬಿದ್ದು ನಕ್ಕೆವು. ಮಲಗಿದ್ದ ಶಾಂತಕ್ಕ ಹೊಟ್ಟೆ ಹಿಡಿದುಕೊಂಡು ಕೂಗಿದಳು: "ನಗಸಬ್ಯಾಡ್ರೇ, ಮತ್ತ ಓಡಬೇಕಾಕ್ಕತಿ!"

ಕೊನೆಗೆ ಕಾಯಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು, ಫಿಲೋಮಿನಾಳೇ ಹೊಸ ಪೊಟ್ಟಣ ಕಲಸಿದಳು. ಗಂಡ ಅಕ್ಕನ ಪಕ್ಕ ಕೂತು ಸ್ವಲ್ಪ ಸ್ವಲ್ಪವೇ ಕುಡಿಸಿದ. (ಅವನು ಅಷ್ಟು ನಿಧಾನವಾಗಿ ಏನನ್ನಾದರೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.) ದೀಪ ಹಚ್ಚುವ ಹೊತ್ತಿಗೆ ಶಾಂತಕ್ಕ ಎದ್ದು ಕೂತು ಗಂಜಿ ಕೇಳಿದಳು. ನನಗೆ ಹೋದ ಜೀವ ಬಂದಂತಾಯಿತು.

ಅದೇ ಪುಡಿ, ಅದೇ ನೀರು. ಗಟ್ಟಿಯಾದರೆ ಅಪಾಯ, ತೆಳುವಾದರೆ ವ್ಯರ್ಥ, ಹದವಾದರೆ ಔಷಧಿ. ನಾವೋ? ಗುಲಾಬಿ ಗಿಡಕ್ಕೆ ಮುಷ್ಟಿ ಮುಷ್ಟಿ ಗೊಬ್ಬರ, ನೆಲಕ್ಕೆ ಕಣ್ಣುರಿಯುವಷ್ಟು ಫಿನಾಯಿಲ್!

ಪ್ರೀತಿಗೆ ಅಳತೆ ಬೇಡ ಅನ್ನುವವರೇ, ದಯವಿಟ್ಟು ಅಡುಗೆಮನೆಗೆ ಬರಬೇಡಿ.